ಕಟ್ಟೆಗೆ ಮೇಣ ಹಚ್ಚಿದ ಮಾವ

ಮಾವ ಯಾರನ್ನೇ ಕಂಡರೂ ಮೊದಲು ನೋಡುವುದು ಕಾಲನ್ನು. ಮುಖ ಆಮೇಲೆ. ಅತ್ತೆಯ ವಿಷಯದಲ್ಲಿ ಮಾತ್ರ ಇದು ತಲೆಕೆಳಗಾಯಿತಂತೆ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತಿದ್ದ ಅತ್ತೆಯ ಮುಖ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. “ಆ ಕಾಲು ನೋಡೋಕೆ ಅಂತಲೇ ತಿಂಗಳುಗಟ್ಟಲೆ ಅಂಚೆ ಕಚೇರಿಗೆ ಅಲೆದೆ” ಎಂದು ಮಾವ ಹೇಳಿದಾಗಲೆಲ್ಲ ಅತ್ತೆ ಮೂಗು ಮುರಿಯುತ್ತಾರೆ. “ಸುಳ್ಳು. ಒಂದು ಸ್ಟಾಂಪು ಅಂಟಿಸೋಕೂ ಬರದ ಗಂಡಸು ಅಂತ ಪಾಪ ಅನ್ನಿಸಿ ನಾನೇ ಅಂಟಿಸಿಕೊಟ್ಟೆ. ಅಷ್ಟಕ್ಕೇ ಜೀವನಪೂರ್ತಿ ಅಂಟಿಕೊಂಡ್ರು.”

ಮಾವ ನನ್ನ ಅಮ್ಮನ ತಮ್ಮ. ಆಟೋಟದ ಶೂ ಮಾಡುವ ದೊಡ್ಡದೊಂದು ಕಂಪನಿಯಲ್ಲಿ ಮಾರಾಟದ ಕೆಲಸ. ಪೆಟ್ಟಿಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ, ಹೊಸ ಶೂಗಳನ್ನು ತೋರಿಸಿ, ಆರ್ಡರ್ ತರಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ಕೂರು ಎಂದರೆ ಜ್ವರ ಬಂದವರ ಹಾಗೆ ಒದ್ದಾಡುತ್ತಿದ್ದರು. ಸ್ಯಾಂಪಲ್ ಪೆಟ್ಟಿಗೆಯಲ್ಲಿ ಯಾವಾಗಲೂ ಎಡಗಾಲಿನ ಶೂ ಮಾತ್ರ ಇರುತ್ತಿತ್ತು, ಕದ್ದರೂ ಯಾರಿಗೂ ಉಪಯೋಗಕ್ಕೆ ಬಾರದಿರಲಿ ಎಂದು. ಹಳೆಯದಾದ ಸ್ಯಾಂಪಲ್ಲುಗಳು ಅವರ ಮನೆಯ ಮಂಚದ ಕೆಳಗೆ, ಬೀರುವಿನ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಸಾಲಾಗಿ ಕೂತಿರುತ್ತಿದ್ದವು. ಮನೆಗೆ ಯಾರಾದರೂ ಹೊಸಬರು ಬಂದರೆ ಅತ್ತೆ ಮೊದಲೇ ಹೇಳಿಬಿಡುತ್ತಿದ್ದರು: “ಗಾಬರಿಯಾಗಬೇಡಿ, ಬಲಗಾಲಿಂದು ಯಾವುದೂ ಕಳೆದುಹೋಗಿಲ್ಲ. ನಮ್ಮದು ಎಡಗಾಲಿನ ಸಂಸಾರ.”

ಅಂಗಡಿಗಳಲ್ಲಿ ಮಾವನನ್ನು ಇಷ್ಟಪಡುತ್ತಿದ್ದುದು ಅವರ ಮಾತಿಗಲ್ಲ, ಮಂಡಿಗೆ. ಪೆಟ್ಟಿಗೆ ತೆರೆದು ತೋರಿಸುತ್ತಿರುವಾಗ ಯಾವುದಾದರೂ ಮಗು ಶೂ ಕೊಳ್ಳಲು ಬಂದರೆ ಸಾಕು, ತಮ್ಮ ಕೆಲಸ ಬಿಟ್ಟು ಅದರ ಮುಂದೆ ಮಂಡಿಯೂರಿ, ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, “ಎಲ್ಲಿ, ನಿನ್ನ ಬೆರಳು ನನ್ನ ಬೆರಳಿಗೆ ಗುದ್ದಲಿ ನೋಡೋಣ” ಎನ್ನುತ್ತಿದ್ದರು. ಅದು ಬೇರೆ ಕಂಪನಿಯ ಶೂ ಆಗಿದ್ದರೂ ಅಷ್ಟೇ.

ಇಂಥ ಮಾವನನ್ನು ಒಂದು ದಿನ ಮ್ಯಾನೇಜರ್ ಕರೆಸಿದರು. ಕಂಪನಿ ಹೊಸದಾಗಿ ಸ್ಕೇಟ್‌ಬೋರ್ಡ್ ಆಡುವವರಿಗೆಂದೇ ಒಂದು ಶೂ ತಂದಿತ್ತು.

“ಓಡೋರು ನಮ್ಮದು ಹಾಕ್ತಾರೆ, ಚೆಂಡಾಡೋರು ನಮ್ಮದು ಹಾಕ್ತಾರೆ. ಈ ಹಲಗೆ ಮೇಲೆ ಹಾರಾಡೋರು ಮಾತ್ರ ನಮ್ಮನ್ನ ಕಂಡ್ರೆ ಮುಖ ತಿರುಗಿಸ್ತಾರೆ. ನಿಮ್ಮ ಕಡೆ ಒಂದು ಗುಂಪಿದೆಯಂತಲ್ಲ?”

“ಇದೆ ಸಾರ್. ಗ್ರಂಥಾಲಯದ ಮುಂದೆ. ಅವರದ್ದೇ ಒಂದು ಅಂಗಡೀನೂ ಇದೆ.”

“ಆ ಅಂಗಡಿಯ ಗೋಡೆ ಮೇಲೆ ನಮ್ಮ ಶೂ ಇರಬೇಕು. ಅದೊಂದು ಗೋಡೆ ಹತ್ತಿದ್ರೆ ಸುತ್ತಲಿನ ಊರಿನೋರೆಲ್ಲ ತಾವಾಗೇ ಕೇಳ್ತಾರೆ. ಈ ವರ್ಷ ಮುಗಿಯೋದ್ರೊಳಗೆ ಆಗಬೇಕು. ಆಗಲಿಲ್ಲ ಅಂದ್ರೆ…” ಮ್ಯಾನೇಜರ್ ಒಳ್ಳೆಯವರು, ಹೇಳಲು ಅವರಿಗೇ ಕಷ್ಟವಾಯಿತು. “ಮೇಲಿನೋರು ನಿಮ್ಮನ್ನ ಗೋದಾಮಿಗೆ ಹಾಕೋ ಯೋಚನೆಯಲ್ಲಿದ್ದಾರೆ. ವಯಸ್ಸೂ ಆಯ್ತು, ಒಂದು ಕಡೆ ಕೂತ್ಕೊಳ್ಳಲಿ ಅಂತ.”

ಗೋದಾಮು ಎಂದರೆ ಊರಾಚೆಯ ತಗಡಿನ ಛಾವಣಿ, ಸೂರಿನವರೆಗೆ ಪೆಟ್ಟಿಗೆ, ಒಂದು ಮೇಜು, ಒಂದು ಫ್ಯಾನು. ಆ ಸಂಜೆ ಮಾವ ನಮ್ಮ ಮನೆಗೆ ಬಂದು ಚಹಾ ಕುಡಿಯದೆ ಕೂತರು. ಅಮ್ಮ ಕೇಳಿದ್ದಕ್ಕೆ, “ಅಕ್ಕ, ಅಲ್ಲಿ ಶೂ ಇದೆ, ಕಾಲಿಲ್ಲ” ಎಂದರು.

*

ಗ್ರಂಥಾಲಯದ ಮುಂದೆ ಕಲ್ಲು ಹಾಸಿದ ಒಂದು ಚೌಕ. ನಡುವೆ ನೀರು ನಿಂತುಹೋದ ಕಾರಂಜಿ, ಅದರ ಸುತ್ತ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಸಂಜೆಯಾದರೆ ಹಲಗೆಗಳು ಬರುವುದು ದೂರದಿಂದಲೇ ಕೇಳುತ್ತದೆ. ಕಲ್ಲುಗಳ ಸಂದಿನ ಮೇಲೆ ಚಕ್ರಗಳ ಕಟಕಟ. ಆಮೇಲೆ ಒಂದು ಕ್ಷಣ ಸದ್ದೇ ಇಲ್ಲ; ಅಷ್ಟು ಹೊತ್ತು ಯಾರೋ ಗಾಳಿಯಲ್ಲಿದ್ದಾರೆ. ಆಮೇಲೆ ಕಟ್ಟೆಯ ಅಂಚಿನ ಮೇಲೆ ಹಲಗೆ ಸರ್ ಎಂದು ಜಾರುವುದು, ಕೊನೆಗೆ ದಡ್ ಎಂದು ನೆಲ. ಬಿದ್ದರೆ ಎಲ್ಲರೂ ನಗುತ್ತಾರೆ. ಬೀಳದಿದ್ದರೆ ತಮ್ಮ ತಮ್ಮ ಹಲಗೆಯನ್ನು ನೆಲಕ್ಕೆ ಕುಟ್ಟುತ್ತಾರೆ. ಅದೇ ಅವರ ಚಪ್ಪಾಳೆ. ಊರವರು ಅವರನ್ನು ಕಟ್ಟೆಯವರು ಎಂದೇ ಕರೆಯುತ್ತಿದ್ದರು.

ಚೌಕದ ಮೂಲೆಯಲ್ಲಿ, ಬೀಗದ ಕೈ ಮಾಡುವವನ ಗೂಡಿಗೂ ಲಾಂಡ್ರಿಗೂ ನಡುವೆ, ಅವರ ಅಂಗಡಿ. ಇಬ್ಬರು ಒಟ್ಟಿಗೆ ಒಳಗೆ ಬಂದರೆ ಒಬ್ಬರು ಅಡ್ಡಡ್ಡ ನಿಲ್ಲಬೇಕು. ಒಂದು ಬದಿಗೆ ಹಲಗೆಗಳು, ಇನ್ನೊಂದು ಬದಿಯ ಗೋಡೆಯ ತುಂಬ ಶೂಗಳು. ನಡೆಸುತ್ತಿದ್ದವಳನ್ನು ಎಲ್ಲರೂ ಅಂಗಡಿಯಕ್ಕ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಅವಳಷ್ಟು ಎತ್ತರ ಹಾರಿದವರು ಇಲ್ಲವಂತೆ. ಈಗ ಮೊಣಕಾಲಿನಲ್ಲಿ ಕಬ್ಬಿಣದ ಸರಳಿದೆ. ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಆ ಕಾಲನ್ನು ನೀಡಿಕೊಂಡು ಕೂತಿರುತ್ತಾಳೆ.

ಆ ಗೋಡೆಗೆ ಶೂ ಏರುವುದಕ್ಕೆ ಒಂದು ಕ್ರಮವಿತ್ತು. ಹೊಸ ಶೂ ಯಾವುದೇ ಬರಲಿ, ಮೊದಲು ಅದರ ಒಂದು ಜೊತೆ ಸಾಯಬೇಕು. ಹಲಗೆಯ ಮೇಲೆ ಉಪ್ಪುಕಾಗದದಂಥ ಒರಟು ಹಾಳೆ ಅಂಟಿಸಿರುತ್ತಾರೆ. ಹಾರುವಾಗಲೆಲ್ಲ ಮುಂಗಾಲಿನ ಪಕ್ಕ, ಕಿರುಬೆರಳಿನ ಹತ್ತಿರ, ಶೂ ಅದಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. ಎಂಥ ಶೂ ಆದರೂ ಕೊನೆಗೆ ಅಲ್ಲಿ ತೂತು ಬೀಳಲೇಬೇಕು. ಪ್ರಶ್ನೆ ಇರುವುದು ಅದು ಹೇಗೆ ಬಿತ್ತು ಎಂಬುದರಲ್ಲಿ. ನಿಧಾನವಾಗಿ ಸವೆದು ಬಿತ್ತೋ, ಹೊಲಿಗೆ ಬಿಟ್ಟು ಬಾಯಿ ತೆರೆಯಿತೋ. ಸತ್ತ ಶೂವನ್ನು ಕೌಂಟರಿನ ಮೇಲೆ ಇಡುತ್ತಾರೆ. ಬಂದವರೆಲ್ಲ ತೂತಿನೊಳಗೆ ಬೆರಳು ತೂರಿಸಿ, ಅಂಚು ಸವರಿ, ತಲೆಯಾಡಿಸುತ್ತಾರೆ ಅಥವಾ ಆಡಿಸುವುದಿಲ್ಲ. ಎಲ್ಲರೂ ಆಡಿಸಿದರೆ ಶೂ ಗೋಡೆಗೆ ಹೋಗುತ್ತದೆ. ಜಾಹೀರಾತು, ಬಣ್ಣದ ಪೋಸ್ಟರು, ಆಟಗಾರರ ಫೋಟೋ ಯಾವುದಕ್ಕೂ ಅಲ್ಲಿ ಯಾರೂ ಸೊಪ್ಪು ಹಾಕುತ್ತಿರಲಿಲ್ಲ.

ಇದೆಲ್ಲ ಮಾವನಿಗೆ ಆಗ ಗೊತ್ತಿರಲಿಲ್ಲ. ಅವರು ಮಾಡಿದ್ದು ಸಂಭ್ರಮದ ಏರ್ಪಾಡು. ಭಾನುವಾರ ಬೆಳಿಗ್ಗೆ ಕಟ್ಟೆಯ ಹತ್ತಿರ ಕಂಪನಿಯ ಡೇರೆ, ಹಾಡು, ಬಂದವರಿಗೆಲ್ಲ ಒಂದೊಂದು ಜೊತೆ ಸಾಕ್ಸು. ಜೊತೆಗೆ ಕಟ್ಟೆಯವರಿಗೆ ಏನಾದರೂ ಉಪಕಾರ ಮಾಡಬೇಕು ಎಂದು ಮ್ಯಾನೇಜರ್ ಹೇಳಿದಾಗ, ಮಾವನಿಗೆ ಹೊಳೆದದ್ದು ಒಂದೇ. ಹಿಂದಿನ ವಾರ ಜಾಗ ನೋಡಲು ಹೋಗಿ ಆ ಕಟ್ಟೆಯ ಮೇಲೆ ಕೂತು ಅವರ ಒಳ್ಳೆಯ ಪ್ಯಾಂಟು ಹಾಳಾಗಿತ್ತು. ಅಂಚೆಲ್ಲ ಕರಿ ಜಿಡ್ಡು. “ಪಾಪ, ಆ ಮಕ್ಕಳು ದಿನಾ ಅದರ ಮೇಲೇ ಆಡ್ತಾರೆ” ಎಂದು ಮರುಗಿ, ಆಳುಗಳನ್ನು ಕರೆಸಿ, ಸೋಡಾಪುಡಿ ಹಾಕಿ ಬಿಸಿನೀರಿನಲ್ಲಿ ತಂತಿಯ ಬ್ರಷ್ಷಿನಿಂದ ತಿಕ್ಕಿಸಿದರು. ಕಲ್ಲು ಹೊಸದರಂತೆ ಬೆಳ್ಳಗಾಯಿತು. ಅದರ ಮೇಲೆ ಹೊಳೆಯುವ ನೀಲಿ ಬಣ್ಣ, ಬಣ್ಣದ ಮೇಲೆ ಕಂಪನಿಯ ಗುರುತಾದ ಬಾಗಿದ ಬಿಳಿ ಗೆರೆ.

ಕಟ್ಟೆಯವರು ಬಂದರು. ನಿಂತರು. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರುತ್ತಿದ್ದವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಸಣಕಲು ಹುಡುಗಿ. ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಅವಳು ಒಮ್ಮೆ ನೋಡೇಬಿಡೋಣ ಎಂದು ಓಡಿಬಂದು ಕಟ್ಟೆಗೆ ಹಾರಿದಳು. ಹಲಗೆ ಜಾರಲಿಲ್ಲ. ಗಕ್ಕನೆ ಅಲ್ಲೇ ಕಚ್ಚಿಕೊಂಡಿತು. ಗುಬ್ಬಿ ಮಾತ್ರ ಮುಂದಕ್ಕೆ ಹೋಗಿ ಅಂಗೈ ಊರಿ ಬಿದ್ದಳು.

ಅಂಗಡಿಯಕ್ಕ ಕಾಲೆಳೆಯುತ್ತ ಬಂದು ಕಟ್ಟೆಯನ್ನು ಹೆಬ್ಬೆರಳಿನಲ್ಲಿ ಸವರಿದಳು. “ಯಾರು ತೊಳೆದದ್ದು ಇದನ್ನ?”

“ನಾವೇ!” ಎಂದರು ಮಾವ ಎದೆಯುಬ್ಬಿಸಿ. “ಫಳಫಳ ಅಂತಿದೆ ಅಲ್ವಾ?”

ಬೈಯಬೇಕೆಂದು ಬಾಯಿ ತೆರೆದವಳು, ಎದುರಿಗಿದ್ದ ಮನುಷ್ಯನ ಸಂತೋಷ ನೋಡಿ ಬೈಯಲಾರದೆ ಹೋದಳು. “ಮಾಮ, ಅದು ಕೊಳೆ ಅಲ್ಲ. ಮೇಣ. ನಾನು ಅಲ್ಲಿ ಮೊದಲ ಮೇಣದಬತ್ತಿ ತಿಕ್ಕಿದಾಗ ಈ ಗುಬ್ಬಿ ತೊಟ್ಟಿಲಲ್ಲಿದ್ಲು. ಅದಿದ್ರೇನೇ ಹಲಗೆ ಜಾರೋದು. ನೀವು ನಮ್ಮ ಇಷ್ಟು ವರ್ಷಾನ ಒಂದು ಬಕೆಟ್ ನೀರಲ್ಲಿ ತೊಳೆದುಬಿಟ್ರಿ.”

ಕಟ್ಟೆಯವರು ಒಬ್ಬೊಬ್ಬರಾಗಿ ಹೊರಟುಹೋದರು. ಕೊಟ್ಟ ಸಾಕ್ಸುಗಳನ್ನು ನೀಲಿ ಕಟ್ಟೆಯ ಮೇಲೆ ಸಾಲಾಗಿ ಬಿಟ್ಟುಹೋದರು, ಒಣಗಹಾಕಿದ ಹಾಗೆ. ಅಂದಿನಿಂದ ಮಾವನ ಹೆಸರು ಸಾಕ್ಸ್ ಮಾಮ.

*

ಬೇರೆ ಯಾರಾದರೂ ಆಗಿದ್ದರೆ ಆ ಚೌಕದ ಕಡೆ ತಲೆ ಹಾಕುತ್ತಿರಲಿಲ್ಲ. ಮಾವ ಸೋಮವಾರ ಸಂಜೆ ಹೋದರು. ಕೈಯಲ್ಲಿ ಬಣ್ಣ ಕೆರೆಯುವ ತಗಡು, ಜೇಬಿನಲ್ಲಿ ಮೇಣದಬತ್ತಿ. ಕೆಲಸ ಮುಗಿಸಿ, ಶರ್ಟಿನ ತೋಳು ಮಡಚಿ, ಮಂಡಿಯೂರಿ ಕೂತು ತಮ್ಮದೇ ಕಂಪನಿಯ ಗೆರೆಯನ್ನು ಕೆರೆಯತೊಡಗಿದರು. ಆ ವಾರವೆಲ್ಲ ಕೆರೆದರು. ನಾನು ಒಂದೆರಡು ಸಲ ಜೊತೆಗೆ ಹೋಗಿದ್ದೆ. ಕಟ್ಟೆಯವರು ದೂರದ ಮೆಟ್ಟಿಲ ಮೇಲೆ ಆಡುತ್ತಿದ್ದರು, ಇತ್ತ ನೋಡುತ್ತಿರಲಿಲ್ಲ, ನೋಡದೆಯೂ ಇರುತ್ತಿರಲಿಲ್ಲ. ಕೆರೆದ ಬಣ್ಣದ ಚೂರುಗಳು ಮಾವನ ಮೊಣಕೈಯ ಕೂದಲಿಗೆ ನೀಲಿಯಾಗಿ ಅಂಟಿರುತ್ತಿದ್ದವು.

ಬಣ್ಣ ಹೋದ ಮೇಲೆ ಮೇಣ. ಮೊದಲ ದಿನ ಎಷ್ಟು ಹಚ್ಚಿದರೆಂದರೆ ಅಂಚೆಲ್ಲ ಗಂಟುಗಂಟಾಯಿತು. ಗುಬ್ಬಿಗೆ ತಡೆಯಲಾಗಲಿಲ್ಲ. ಅಂಗೈಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದವಳು ಹತ್ತಿರ ಬಂದು ನಿಂತಳು.

“ಏನ್ ಮಾಮ ಇದು, ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗೆ! ಇದರ ಮೇಲೆ ಹಾರಿದ್ರೆ ಸೀದಾ ಆಸ್ಪತ್ರೆಗೆ ಜಾರ್ತೀವಿ.”

“ಮತ್ತೆ ಹೇಗಮ್ಮ ಹಚ್ಚೋದು?”

“ಮಗು ಕೆನ್ನೆಗೆ ಪೌಡರ್ ಹಚ್ತೀರಲ್ಲ, ಹಾಗೆ. ಹಚ್ಚಿ, ಒರೆಸಿ, ಮತ್ತೆ ಹಚ್ಚಿ.”

“ನಮಗೆ ಮಕ್ಕಳಿಲ್ಲವಲ್ಲಮ್ಮ.”

ಗುಬ್ಬಿ ಪೆಚ್ಚಾದಳು. ಮಾವನೇ ನಕ್ಕು, “ಕಟ್ಟೆ ಇದೆ ಬಿಡು, ಕಲೀತೀನಿ” ಎಂದರು.

ಹಾಗೆ ಕಲಿತರು. ತಗಡು, ಮೇಣ, ಸಾಕ್ಸು. ಒರೆಸಲು ಕಟ್ಟೆಯವರು ಬಿಟ್ಟುಹೋದ ಆ ಸಾಕ್ಸುಗಳೇ ಉಪಯೋಗಕ್ಕೆ ಬಂದವು. ಮನೆಯಲ್ಲಿ ಒಂದು ಸಂಜೆ ಕರೆಂಟು ಹೋದಾಗ ಡಬ್ಬಿಯಲ್ಲಿ ಒಂದೂ ಮೇಣದಬತ್ತಿ ಇರಲಿಲ್ಲ. ಅತ್ತೆ ಕತ್ತಲಲ್ಲಿ ಕೂತೇ ನಮಗೆ ಫೋನು ಮಾಡಿದರು. “ನಿಮ್ಮ ಮಾವ ಇದ್ದಾರಾ ಅಲ್ಲಿ? ಮನೆ ಕತ್ತಲಾದ್ರೂ ಪರವಾಗಿಲ್ಲ, ಅವರಿಗೆ ಕಟ್ಟೆ ಹೊಳೀಬೇಕು. ಪ್ಯಾಂಟಿನ ಮಂಡಿಯಲ್ಲಿ ಇರೋ ಮೇಣಕ್ಕೇ ಬತ್ತಿ ಹಾಕಿ ಹಚ್ಚಿಬಿಡ್ತೀನಿ ಇವತ್ತು.”

ತಿಂಗಳುಗಳು ಹೋದವು. ಕಲ್ಲಿನ ಅಂಚು ಮತ್ತೆ ಕಪ್ಪಾಯಿತು, ಸಂಜೆಯ ಬಿಸಿಲು ಬಿದ್ದರೆ ನೆನೆದಂತೆ ಹೊಳೆಯತೊಡಗಿತು. ಒಂದು ದಿನ ಗುಬ್ಬಿ ಓಡಿಬಂದು ಹಾರಿದಳು. ಹಲಗೆ ಆ ತುದಿಯಿಂದ ಈ ತುದಿಗೆ ಸರ್ ಎಂದು ಜಾರಿತು. ಮೆಟ್ಟಿಲ ಮೇಲೆ ಕೂತವರೆಲ್ಲ ಹಲಗೆ ಕುಟ್ಟಿದರು. ಅವಳು ಇಳಿದು ತಿರುಗಿ ನೋಡಿದಾಗ ಮಾವ ಕೈಯಲ್ಲಿದ್ದ ಮೇಣದಬತ್ತಿಯನ್ನೇ ಕಟ್ಟೆಗೆ ಕುಟ್ಟುತ್ತಿದ್ದರು.

ಅಂಗಡಿಯಕ್ಕ ಅಂಗಡಿಯ ಬಾಗಿಲಿನಿಂದಲೇ ಕೂಗಿದಳು: “ಸಾಕ್ಸ್ ಮಾಮ, ಆ ನಿಮ್ಮ ಶೂ ಒಂದು ಜೊತೆ ತನ್ನಿ. ಬಲಗಾಲಿಂದೂ ತನ್ನಿ ಮತ್ತೆ.”

*

ಗುಬ್ಬಿ ಅದನ್ನು ಹಾಕಿಕೊಂಡಳು. ಮಾವ ಸಂಜೆ ಸಂಜೆ ಕಟ್ಟೆಯ ಮೇಲೆ ಕೂತು ಅವಳ ಕಾಲು ನೋಡುತ್ತಿದ್ದರು. ಅಷ್ಟು ವರ್ಷ ಶೂ ಮಾರಿದವರು ಒಂದು ಶೂ ಸವೆಯುವುದನ್ನು ಹಾಗೆ ಕೂತು ನೋಡಿದ್ದು ಅದೇ ಮೊದಲು. ಅಟ್ಟೆ ಚೆನ್ನಾಗಿತ್ತು, ಹಿಮ್ಮಡಿ ಚೆನ್ನಾಗಿತ್ತು. ಆದರೆ ಕಂಪನಿಯ ಬಾಗಿದ ಗೆರೆ ಶೂವಿನ ಪಕ್ಕದಲ್ಲಿ ಹರಿದು ಬಂದು ಕಿರುಬೆರಳಿನ ಹತ್ತಿರ ಮುಗಿಯುತ್ತಿತ್ತಲ್ಲ, ಅದು ಬೇರೆ ಚರ್ಮ ಕತ್ತರಿಸಿ ಮೇಲಿಟ್ಟು ಹೊಲಿದದ್ದು. ಹಲಗೆ ಉಜ್ಜುವುದು ಸರಿಯಾಗಿ ಅಲ್ಲಿಗೇ. ದಾರ ಕಡಿಯಿತು, ಗೆರೆಯ ತುದಿ ಎದ್ದಿತು, ಅದರ ಹಿಂದೆಯೇ ಶೂ ಬಾಯಿ ತೆರೆಯಿತು. ಬಹಳ ಬೇಗ ಸತ್ತಿತು.

ಕೌಂಟರಿನ ಮೇಲಿಟ್ಟ ಶೂವಿನೊಳಗೆ ಎಲ್ಲರೂ ಬೆರಳು ತೂರಿಸಿದರು. ಯಾರ ತಲೆಯೂ ಆಡಲಿಲ್ಲ. ಕೊನೆಗೆ ಮಾವನೂ ತೂರಿಸಿದರು. “ಗೆರೆ ಇಲ್ಲದಿದ್ರೆ ಬದುಕ್ತಿತ್ತು” ಎಂದರು.

ಸತ್ತ ಜೊತೆಯನ್ನು ಹಾಗೇ ಪೊಟ್ಟಣ ಕಟ್ಟಿ ಮ್ಯಾನೇಜರ್ ಮೇಜಿನ ಮೇಲಿಟ್ಟರು. ಮ್ಯಾನೇಜರ್ ನೋಡಿದರು, ಮೂಸಿ ನೋಡಿ ಮುಖ ಕಿವುಚಿದರು, ಕಾರ್ಖಾನೆಯವರ ಹತ್ತಿರ ಮಾತಾಡಿದರು. ಅಲ್ಲಿಂದ ಬಂದ ಉತ್ತರ: ದಾರ ದಪ್ಪ ಮಾಡೋಣ.

“ದಾರ ಅಲ್ಲ ಸಾರ್, ಗೆರೆ. ಅದನ್ನ ಸ್ವಲ್ಪ ಹಿಂದಕ್ಕೆ ಸರಿಸಿದ್ರೆ ಸಾಕು. ಹಿಮ್ಮಡಿ ಹತ್ರ ಎಲ್ಲಾದ್ರೂ.”

“ನೀವು ಏನ್ ಹೇಳ್ತಿದೀರಿ ಗೊತ್ತಾ? ಕಂಪನಿ ಶುರುವಾದಾಗಿಂದ ಆ ಗೆರೆ ಅಲ್ಲೇ ಇದೆ. ಅದು ಅಲ್ಲಿಲ್ಲದಿದ್ರೆ ನಮ್ಮ ಶೂ ಅಂತ ಯಾರಿಗೆ ಗೊತ್ತಾಗುತ್ತೆ?”

“ಹರಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತೆ ಸಾರ್.”

ಮ್ಯಾನೇಜರ್ ನಗಲಿಲ್ಲ, ಆದರೆ ಸಿಟ್ಟೂ ಆಗಲಿಲ್ಲ. ಹೊಸ ಜೊತೆ ಬಂತು, ದಪ್ಪ ದಾರದ್ದು. ಗುಬ್ಬಿ ಮತ್ತೆ ಹಾಕಿಕೊಂಡಳು. ಅಷ್ಟರಲ್ಲಿ ಕಟ್ಟೆಯಲ್ಲಿ ಮಾವನಿಗೆಂದೇ ಒಂದು ಜಾಗ ಆಗಿತ್ತು. ಯಾರಾದರೂ ಬಿದ್ದರೆ ಮೊದಲು ಅವರ ಕಡೆ ನೋಡುತ್ತಿದ್ದರು, ಏಕೆಂದರೆ ಅವರ ಸ್ಯಾಂಪಲ್ ಪೆಟ್ಟಿಗೆಯಲ್ಲಿ ಈಗ ಶೂಗಿಂತ ಹೆಚ್ಚು ಹತ್ತಿ, ಪಟ್ಟಿ, ಮುಲಾಮು ಇರುತ್ತಿತ್ತು. ಲೇಸು ಕಡಿದವರಿಗೆ ಲೇಸು. ಬೇರೆ ಕಂಪನಿಯ ಶೂ ಹಾಕಿಕೊಂಡು ಬಂದವರಿಗೂ “ಎಲ್ಲಿ, ಬೆರಳು ಗುದ್ದಲಿ ನೋಡೋಣ” ಎಂದು ಒತ್ತಿ ನೋಡಿ, “ಇದು ನಿನಗೆ ಬಿಗಿ, ಒಂದು ಅಳತೆ ದೊಡ್ಡದು ತಗೋ” ಎನ್ನುತ್ತಿದ್ದರು. ಅತ್ತೆಯೂ ಅಂಚೆ ಕಚೇರಿ ಮುಗಿಸಿಕೊಂಡು ಅಲ್ಲಿಗೇ ಬರತೊಡಗಿದರು. “ನನ್ನ ಗಂಡನ್ನ ನೋಡಬೇಕಾದ್ರೆ ಇಲ್ಲಿಗೇ ಬರಬೇಕಾಗಿದೆ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ನಮ್ಮ ಮನೆಗೆ ಬಂದು ಒಲೆ ಹಚ್ಚಿ” ಎಂದು ರೇಗಿಸುತ್ತಿದ್ದರು.

ವರ್ಷ ಮುಗಿಯುತ್ತ ಬಂತು. ಗೋದಾಮಿನ ವಿಷಯ ಮಾವ ಅಲ್ಲಿ ಬಾಯಿಬಿಟ್ಟಿರಲಿಲ್ಲ. ಅತ್ತೆ ಬಿಟ್ಟುಬಿಟ್ಟರು. ಮಾತಿನ ಭರದಲ್ಲಿ ಗುಬ್ಬಿಯ ಹತ್ತಿರ ಹೇಳಿದ್ದು ಅರ್ಧ ಗಂಟೆಯಲ್ಲಿ ಚೌಕದ ತುಂಬ ಹಬ್ಬಿತು.

ಎರಡನೆಯ ಜೊತೆ ಸತ್ತ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಜನ ಹೊರಗೆ ನಿಂತು ಕತ್ತು ಚಾಚಿದ್ದರು. ಶೂ ಕೌಂಟರಿನ ಮೇಲಿತ್ತು. ದಪ್ಪ ದಾರ ಕೊಂಚ ದಿನ ಹೆಚ್ಚು ತಡೆದಿತ್ತು, ಅಷ್ಟೇ. ತೂತು ಅದೇ ಜಾಗದಲ್ಲಿ, ಗೆರೆಯ ತುದಿಯಲ್ಲಿ, ಅದೇ ಬಾಯಿ. ಒಬ್ಬರಾದ ಮೇಲೆ ಒಬ್ಬರು ಬೆರಳು ತೂರಿಸಿದರು. ಈ ಸಲ ಎಲ್ಲರೂ ತಲೆಯಾಡಿಸಿದರು. ಒಬ್ಬರೂ ಮಾವನ ಕಣ್ಣು ನೋಡಲಿಲ್ಲ.

“ಆಯ್ತು ಬಿಡಿ” ಎಂದಳು ಅಂಗಡಿಯಕ್ಕ. “ಕೆಟ್ಟದ್ದೇನಲ್ಲ. ಕೆಳಗಿನ ಸಾಲಲ್ಲಿ ಒಂದು ಜಾಗ ಮಾಡ್ತೀನಿ.”

ಮಾವ ಶೂ ಎತ್ತಿಕೊಂಡರು. ತೂತಿನೊಳಗೆ ಬೆರಳು ಹಾಕಿ ಅಂಚನ್ನು ಸುತ್ತಲೂ ಸವರಿದರು. ಅವರಿಗೆ ಬೇಕಾದದ್ದು ಕೈಗೆ ಸಿಕ್ಕಿತ್ತು. ಗೋಡೆ ಎದುರಿಗೇ ಇತ್ತು. ಹೂಂ ಎಂದರೆ ನಾಳೆ ಬೆಳಿಗ್ಗೆಯೂ ಪೆಟ್ಟಿಗೆ ಹಿಡಿದು ಬೀದಿಗೆ ಇಳಿಯಬಹುದಿತ್ತು.

“ಯಾಕಮ್ಮ ತಲೆಯಾಡಿಸಿದೆ?” ಎಂದು ಗುಬ್ಬಿಯನ್ನು ಕೇಳಿದರು.

“ಚೆನ್ನಾಗಿದೆ ಮಾಮ.”

“ಇದೇ ತೂತು ಬೇರೆ ಕಂಪನಿ ಶೂನಲ್ಲಿ ಬಿದ್ದಿದ್ರೆ?”

ಗುಬ್ಬಿ ಮುಖ ತಿರುಗಿಸಿ ಲಾಂಡ್ರಿಯ ಕಡೆಯ ಗೋಡೆ ನೋಡಿದಳು.

“ಇದು ಇನ್ನೂ ಆಗಿಲ್ಲ” ಎಂದರು ಮಾವ, ಅಂಗಡಿಯಕ್ಕನ ಕಡೆ ತಿರುಗಿ. “ಗೋಡೆಗೆ ಹಾಕಬೇಡ. ನನ್ನ ಮುಖ ನೋಡಿ ಹಾಕಿದ್ರೆ, ನಾಳೆ ಯಾವುದೋ ಊರಿನ ಹುಡುಗಿ ಈ ಗೋಡೆ ನಂಬಿ ಇದನ್ನ ತಗೋತಾಳೆ. ಅವಳಿಗೆ ನನ್ನ ಮುಖ ಗೊತ್ತಿರಲ್ಲ. ಕಾಲು ಮಾತ್ರ ಅವಳದ್ದು.”

“ಮಾಮ, ಗೋದಾಮು…”

“ಗೋದಾಮಲ್ಲೂ ಫ್ಯಾನಿದೆ.”

ಮಾವ ಶೂವನ್ನು ಪೊಟ್ಟಣ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಇಕ್ಕಟ್ಟಿನಲ್ಲಿ ಎಲ್ಲರೂ ಅಡ್ಡಡ್ಡ ನಿಂತು ದಾರಿ ಬಿಟ್ಟರು. ಯಾರೋ ಮೂಗೆಳೆದುಕೊಂಡರು. “ನೆಗಡಿ ಆಗಿದ್ರೆ ಬಿಸಿನೀರು ಕುಡಿ” ಎಂದು ಹೇಳಿಯೇ ಮಾವ ಮುಂದೆ ಹೋದರು. ಆ ದಿನ ಅತ್ತೆ ರೇಗಿಸಲಿಲ್ಲ. ಮನೆಗೆ ಹೋಗುವವರೆಗೂ ಅವರ ತೋಳು ಹಿಡಿದುಕೊಂಡೇ ನಡೆದರು.

*

ಗೋದಾಮಿನಲ್ಲಿ ಮಾವ ಸೊರಗಿದರು. ಶಾಲೆಯ ಶೂಗಳ ಪೆಟ್ಟಿಗೆ ಇಳಿಸುವುದು, ಏರಿಸುವುದು, ಚೀಟಿ ಅಂಟಿಸುವುದು. ಈಗಂತೂ ಅಂಟಿಸುವುದನ್ನು ಕಲಿತಿದ್ದಾರೆ ಎಂದು ಅತ್ತೆ ಹೇಳಿದ್ದಕ್ಕೆ ಅವರು ನಕ್ಕರೂ, ಆ ನಗು ಬೇಗ ಮುಗಿಯಿತು. ಭಾನುವಾರ ಮಾತ್ರ ಕಟ್ಟೆಗೆ ಹೋಗುತ್ತಿದ್ದರು. ಈಗ ಮಾರುವುದು ಏನೂ ಇರಲಿಲ್ಲ. ಮೇಣ ಹಚ್ಚುತ್ತಿದ್ದರು, ಒರೆಸುತ್ತಿದ್ದರು, ಬಿದ್ದವರಿಗೆ ಪಟ್ಟಿ ಕಟ್ಟುತ್ತಿದ್ದರು.

ಈ ಗೋಡೆಗೆ ಕಾಯದೆ, ಪೋಸ್ಟರು ನೋಡಿಯೇ ಬೇರೆ ಊರುಗಳ ಅಂಗಡಿಗಳು ಆ ಶೂ ತೆಗೆದುಕೊಂಡಿದ್ದವು. ಮಳೆಗಾಲ ಬರುವ ಹೊತ್ತಿಗೆ ಅವು ವಾಪಸು ಬರತೊಡಗಿದವು, ಗೋದಾಮಿಗೇ. ಮಾವ ಒಂದೊಂದೇ ಪೆಟ್ಟಿಗೆ ತೆರೆದರು. ಎಲ್ಲದರಲ್ಲೂ ತೂತು ಒಂದೇ ಜಾಗದಲ್ಲಿ. ತಮ್ಮ ಮಾತೇ ನಿಜವಾಯಿತೆಂದು ಸಂತೋಷಪಡಬಹುದಿತ್ತು; ಅವರಿಗೆ ದುಃಖವಾಯಿತು. ಆ ಬಲಗಾಲು ಎಡಗಾಲುಗಳನ್ನೆಲ್ಲ ಜೊತೆ ಮಾಡಿ ಮೇಜಿನ ಮೇಲೆ ಜೋಡಿಸಿಟ್ಟು ಮ್ಯಾನೇಜರಿಗೆ ಫೋನು ಮಾಡಿದರು. ಮ್ಯಾನೇಜರ್ ಬಂದು ನಿಂತು ನೋಡಿದರು. ತಾವೇ ಒಂದು ಶೂ ಎತ್ತಿ ಬೆರಳು ತೂರಿಸಿದರು.

“ಮೇಲಿನೋರು ಒಂದೇ ಪ್ರಶ್ನೆ ಕೇಳ್ತಿದಾರೆ. ಎಲ್ಲಾ ಊರಿನೋರೂ ತಗೊಂಡ್ರು, ಆ ಒಂದು ಅಂಗಡಿ ಮಾತ್ರ ಯಾಕೆ ಬೇಡ ಅಂತು ಅಂತ. ಬೇಡ ಅಂದಿದ್ದು ನಮ್ಮವನೇ ಅಂತ ಹೇಳೋದು ಹೇಗೆ?”

“ಹಾಗೇ ಹೇಳಿ ಸಾರ್.”

ಹಾಗೇ ಹೇಳಿದರೋ, ಬೇರೆ ಹೇಗಾದರೂ ಹೇಳಿದರೋ ನಮಗೆ ಗೊತ್ತಿಲ್ಲ. ಮುಂದಿನ ವರ್ಷ ಬಂದ ಶೂವಿನ ಪಕ್ಕ ಬೋಳಾಗಿತ್ತು. ಗೆರೆ ಹಿಮ್ಮಡಿಯ ಹಿಂದೆ, ಉಗುರಿನಷ್ಟಾಗಿ, ಯಾರೋ ನಾಚಿಕೊಂಡು ನಿಂತ ಹಾಗಿತ್ತು. ಅದನ್ನು ಅಂಗಡಿಗೆ ತಂದವರು ಮಾವ ಅಲ್ಲ, ಅವರ ಜಾಗಕ್ಕೆ ಬಂದ ಹೊಸ ಹುಡುಗಿ. ಅಂಗಡಿಯಕ್ಕ ಜೊತೆ ತೆಗೆದುಕೊಂಡು, “ಇಟ್ಟು ಹೋಗಮ್ಮ, ಸಾಯಲಿ, ಆಮೇಲೆ ಮಾತಾಡೋಣ” ಎಂದಳಂತೆ. ಆ ಹುಡುಗಿ ಹೆದರಿ ಗೋದಾಮಿಗೆ ಫೋನು ಮಾಡಿದಳು. “ಸಾರ್, ಅವರು ಸಾಯಲಿ ಅಂತಿದಾರೆ!” ಮಾವ ಇಡೀ ಗೋದಾಮು ಕೇಳುವಂತೆ ನಕ್ಕರು. “ಒಳ್ಳೇದಾಯ್ತು ಬಿಡಮ್ಮ. ಒಂದು ಮೇಣದಬತ್ತಿ ತಗೊಂಡು ಕಟ್ಟೆ ಹತ್ರ ಹೋಗು.”

ಗುಬ್ಬಿಯ ಕಾಲಲ್ಲಿ ಆ ಶೂ ಬಹಳ ಕಾಲ ಬಾಳಿತು. ಸವೆದು ಸವೆದು, ಕೊನೆಗೆ ಹಳೆಯ ಬಟ್ಟೆಯ ಹಾಗೆ ತೆಳ್ಳಗಾಗಿ ತೂತು ಬಿತ್ತು. ಎಲ್ಲರ ಬೆರಳೂ ಆದ ಮೇಲೆ ಅಂಗಡಿಯಕ್ಕ ಭಾನುವಾರಕ್ಕೆ ಕಾದಳು. ಮಾವ ಬಂದರು, ಬೆರಳು ತೂರಿಸಿದರು, ಕಣ್ಣು ಮುಚ್ಚಿ ಅಂಚು ಸವರಿದರು. ತಲೆಯಾಡಿಸಿದರು.

“ಹಾಗಾದ್ರೆ ನೀವೇ ಇಡಿ ಗೋಡೆಗೆ” ಎಂದು ಹೊಸ ಶೂ ಒಂದನ್ನು ಅವರ ಕೈಗಿತ್ತಳು.

ಮಾವನ ಕೈ ಅಭ್ಯಾಸಬಲದಿಂದ ನೇರ ಮೇಲಿನ ಸಾಲಿಗೆ, ಗಿರಾಕಿಯ ಕಣ್ಣಿಗೆ ಮೊದಲು ಬೀಳುವ ಜಾಗಕ್ಕೆ ಹೋಯಿತು. ಅಲ್ಲಿದ್ದ ಇನ್ನೊಂದು ಕಂಪನಿಯ ಶೂವನ್ನು ಮೆಲ್ಲನೆ ಪಕ್ಕಕ್ಕೆ ತಳ್ಳುತ್ತಿದ್ದರು.

“ಏಯ್ ಏಯ್, ಸಾಕ್ಸ್ ಮಾಮ! ಹೊಸಬರು ಕೆಳಗೆ.”

ಎಲ್ಲರೂ ಗೊಳ್ಳೆಂದರು. ಮಾವ ಕಳ್ಳನಂತೆ ನಾಲಿಗೆ ಕಚ್ಚಿಕೊಂಡು ಬಗ್ಗಿದರು. ಮಂಡಿ ಲಟಕ್ಕೆಂದಿತು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಅಂಟಿನ ಡಬ್ಬಿಯ ಪಕ್ಕ, ಶೂ ಇಟ್ಟು, ತುದಿಯನ್ನು ಕೊಂಚ ಹೊರಗೆ ತಿರುಗಿಸಿ, ಲೇಸು ಸರಿಮಾಡಿದರು.

“ಮೇಲಿನ ಸಾಲಿಗೆ ಹೋಗೋಕೆ ಇನ್ನೆಷ್ಟು ಕಾಲ ಬೇಕಮ್ಮ?”

“ನಿಮ್ಮ ಆಯುಸ್ಸು ಗಟ್ಟಿ ಇದ್ರೆ ನೋಡ್ತೀರಿ.”

“ಗಟ್ಟಿ ಇರೋ ಹಾಗೆ ನಾನು ನೋಡ್ಕೋತೀನಿ” ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. “ಮೊದಲು ಅವರನ್ನ ಯಾರಾದ್ರೂ ಎಬ್ಬಿಸಿ. ಕೂತ್ರೆ ಏಳೋಕೆ ಬರಲ್ಲ ಅವರಿಗೆ.”

ಗುಬ್ಬಿ ಕೈ ಕೊಟ್ಟಳು. ಮಾವ ಆ ಕೈ ಹಿಡಿದುಕೊಂಡರು, ಆದರೆ ತಕ್ಷಣ ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಗೋಡೆಯ ಬುಡದಲ್ಲಿ ಹಾಗೇ ಕೂತಿದ್ದರು.